ವಂಶವಾಹಿ ವಿಜ್ಞಾನದ ಹಗಲು ಉದ್ಯೋಗ ಮತ್ತು ನಮ್ಮ ಪಟ್ಟಣಗಳ ಖಾಲಿ ಮಳಿಗೆಗಳು

ಕಳೆದ ಬಾರಿ ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯ ಗಡಿಬಿಡಿಯ ದಿನಗಳಲ್ಲಿ, ಇಪ್ಪತ್ತು ವರ್ಷಗಳಿಂದ ನನ್ನ ಕಕ್ಷಿದಾರರಾಗಿರುವ ಹೊನ್ನಾವರದ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಸೊಸೆಯ ಬ್ಯಾಂಕ್ ಪಾಸ್‌ಬುಕ್ ಹಿಡಿದು ಕಚೇರಿಗೆ ಬಂದರು. ಪ್ರತಿ ತಿಂಗಳ ಮೊದಲ ವಾರ ಅದರಲ್ಲಿ ಒಂದೇ ಮೊತ್ತ ಜಮೆಯಾಗಿತ್ತು, ಶೇ. 10ರಷ್ಟು ತೆರಿಗೆ ಮೂಲದಲ್ಲಿಯೇ ಕಡಿತಗೊಂಡಿತ್ತು. "ಸರ್, ಇದು ಸಂಬಳವೋ, ವ್ಯಾಪಾರವೋ?" ಎಂಬುದು ಅವರ ಪ್ರಶ್ನೆ. ಕೆಲಸ ಯಾವುದೆಂದು ವಿಚಾರಿಸಿದೆ. "ಎಂ.ಎಸ್ಸಿ. ಆದವಳು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಯಾರದೋ ರಕ್ತಪರೀಕ್ಷೆಯ ಜೀನುಗಳನ್ನು ಓದುತ್ತಾಳಂತೆ. ರಾತ್ರಿ ಪಾಳಿ ಅಲ್ಲ ಸರ್, ಹಗಲಿಗೇ" ಎಂದರು. ಕೊನೆಯ ಮಾತನ್ನು ಎರಡು ಬಾರಿ ಹೇಳಿದರು.

ಆ ಕೊನೆಯ ಮಾತೇ ಈ ಲೇಖನಕ್ಕೆ ಪ್ರೇರಣೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕುಗಳ ವರ್ತಕ ಕುಟುಂಬಗಳಲ್ಲಿ "ದೂರದಿಂದ ಮಾಡುವ ಕಂಪ್ಯೂಟರ್ ಕೆಲಸ"ವೆಂದರೆ ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿಯೆಲ್ಲ ಎಚ್ಚರವಿರುವ ಕೆಲಸವೆಂಬ ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಕಾಲ್ ಸೆಂಟರುಗಳ ಕಾಲದಲ್ಲಿ ಅದು ನಿಜವೂ ಆಗಿತ್ತು. ಆ ಕಾರಣದಿಂದಲೇ ಓದಿದ ಹೆಣ್ಣುಮಕ್ಕಳನ್ನು ನಾವು ಈ ಕ್ಷೇತ್ರದಿಂದ ದೂರವಿಟ್ಟೆವು. ಆದರೆ ಆನುವಂಶಿಕ ವಿಜ್ಞಾನದ ಒಂದು ಭಾಗದ ಕೆಲಸವನ್ನು ನಮ್ಮ ಊರಿನಲ್ಲಿಯೇ, ನಮ್ಮ ಹಗಲಿನಲ್ಲಿಯೇ ಮಾಡಲು ಸಾಧ್ಯವಿದೆ. ಅದಕ್ಕೆ ಅಡ್ಡಿಯಾಗಿರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ತಕ್ಕ ಸ್ಥಳ ಮತ್ತು ತಕ್ಕ ಕರಾರುಪತ್ರದ ಅಭಾವ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯೋಣ. ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಅರ್ಥಮಾಡಿಕೊಂಡಷ್ಟನ್ನು ನಮ್ಮ ಭಾಷೆಯಲ್ಲಿಯೇ ಹೇಳುತ್ತೇನೆ. ರೋಗಿಯ ರಕ್ತ ಅಥವಾ ಎಂಜಲಿನಿಂದ ಡಿಎನ್‌ಎ ಬೇರ್ಪಡಿಸಿ ಯಂತ್ರಕ್ಕೆ ಒಡ್ಡುವುದು ಪ್ರಯೋಗಶಾಲೆಯಲ್ಲಿಯೇ ಆಗಬೇಕು. ಅದನ್ನು ಮನೆಯಿಂದ ಮಾಡಲಾಗದು. ಮನುಷ್ಯನ ಜಿನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಮಾದರಿ ಪ್ರತಿಯೊಂದಿಗೆ ತಾಳೆ ನೋಡಿದರೆ ಒಬ್ಬೊಬ್ಬರಲ್ಲೂ 40-50 ಲಕ್ಷ ವ್ಯತ್ಯಾಸಗಳು ಕಾಣಸಿಗುತ್ತವೆ. ಬಹುತೇಕ ವ್ಯತ್ಯಾಸಗಳು ನಿರುಪದ್ರವಿ. ತಂತ್ರಾಂಶವು ಅವುಗಳನ್ನು ಸೋಸಿ ಕೆಲವೇ ಕೆಲವನ್ನು ಮುಂದಿಡುತ್ತದೆ. ಆ ಉಳಿದವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಕ್ಲಿನ್‌ವಾರ್‌ನಂತಹ ಸಾರ್ವಜನಿಕ ದತ್ತಾಂಶ ಭಂಡಾರಗಳನ್ನೂ ಪ್ರಕಟಿತ ಸಂಶೋಧನಾ ಪ್ರಬಂಧಗಳನ್ನೂ ನೋಡಿ, ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ, ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ ಎಂಬ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕು. ಈ ವರ್ಗೀಕರಣದ ನಿಯಮಗಳನ್ನು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿತು. ಹಲವು ದೇಶಗಳ ಪ್ರಯೋಗಶಾಲೆಗಳು ಅವನ್ನು ಅನುಸರಿಸುತ್ತಿವೆ. ಕಿರ್ದಿಯ ಪ್ರತಿ ನಮೂದಿಗೂ ವೋಚರ್ ತಾಳೆ ನೋಡುವ ನಮ್ಮ ಲೆಕ್ಕಪರಿಶೋಧನೆಗೂ ಇದಕ್ಕೂ ಮನೋಧರ್ಮದಲ್ಲಿ ಬಹಳ ಅಂತರವಿಲ್ಲ. ವ್ಯತ್ಯಾಸವೇನೆಂದರೆ, ನಮ್ಮ ತಪ್ಪಿಗೆ ದಂಡ ಕಟ್ಟಿ ಮುಗಿಸಬಹುದು.

ಇಂತಹ ವರದಿಯು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸಿದ್ಧವಾಗುವಂಥದು. ತೀವ್ರ ನಿಗಾ ಘಟಕದಲ್ಲಿರುವ ನವಜಾತ ಶಿಶುವಿನ ತುರ್ತು ಪರೀಕ್ಷೆಯಂಥವನ್ನು ಬಿಟ್ಟರೆ, ವರದಿಯನ್ನು ಓದುವವರು ಹಗಲಿನಲ್ಲಿ ಓದಿದರೋ ರಾತ್ರಿ ಓದಿದರೋ ಎಂಬುದು ರೋಗಿಗೆ ಸಂಬಂಧಿಸದ ವಿಷಯ. ಬೆಂಗಳೂರಿನ ಪ್ರಯೋಗಶಾಲೆಗಳಿಗಂತೂ ನಮ್ಮದೇ ಗಡಿಯಾರ. ಅಮೆರಿಕದ ಸಂಸ್ಥೆಯಾದರೂ ಲೆಕ್ಕ ನೋಡಿ: ಅಲ್ಲಿಯ ಬೇಸಿಗೆಯಲ್ಲಿ ಹೊನ್ನಾವರದ ಬೆಳಗಿನ 9-30 ಎಂದರೆ ನ್ಯೂಯಾರ್ಕಿನ ಮಧ್ಯರಾತ್ರಿ 12 ಗಂಟೆ, ನಮ್ಮ ಸಂಜೆ 5-30 ಎಂದರೆ ಅವರ ಬೆಳಗಿನ 8 ಗಂಟೆ. ಅವರು ನಿದ್ರಿಸುವಾಗ ಇಲ್ಲಿ ಕರಡು ವರದಿ ಸಿದ್ಧವಾಗಿ, ಅವರು ಕಚೇರಿಗೆ ಬರುವ ಹೊತ್ತಿಗೆ ಮೇಜಿನ ಮೇಲಿರುತ್ತದೆ. ಕಾಲ್ ಸೆಂಟರಿನಲ್ಲಿ ಶಾಪವಾಗಿದ್ದ ಗಡಿಯಾರದ ಅಂತರವು ಇಲ್ಲಿ ವರವಾಗಿದೆ.

ಈ ಉದ್ಯಮವು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ರಲ್ಲಿ ಬೆಂಗಳೂರಿನಲ್ಲಿ ಸ್ಟ್ರಾಂಡ್ ಸಂಸ್ಥೆಯನ್ನು ಸ್ಥಾಪಿಸಿದರು. 2021ರಲ್ಲಿ ರಿಲಯನ್ಸ್ ಸಮೂಹವು ಅದರ ಬಹುಪಾಲನ್ನು ಕೊಂಡಿತು. ಮೆಡ್‌ಜಿನೋಮ್ ಕೂಡ ಬೆಂಗಳೂರಿನಲ್ಲಿಯೇ ಬೆಳೆದ ಸಂಸ್ಥೆ. ಎಲೆಕ್ಟ್ರಾನಿಕ್ ಸಿಟಿಯ ಐಬ್ಯಾಬ್ ಸಂಸ್ಥೆಯು ಜೈವಿಕ ಮಾಹಿತಿ ವಿಜ್ಞಾನದಲ್ಲಿ ಶಿಕ್ಷಣ ನೀಡುತ್ತಿದೆ. 10,000 ಭಾರತೀಯರ ಜಿನೋಮ್ ದಾಖಲಿಸಿದ ರಾಷ್ಟ್ರೀಯ ಯೋಜನೆಯಲ್ಲಿ 20 ಸಂಸ್ಥೆಗಳು ಪಾಲ್ಗೊಂಡಿದ್ದು, ಅದರ ನೇತೃತ್ವ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ್ದು. ದತ್ತಾಂಶವು 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಇವೆಲ್ಲವೂ ಘಟ್ಟದ ಮೇಲೆಯೇ ಉಳಿದಿವೆ. ಸರ್ಕಾರದ "ಬೆಂಗಳೂರಿನಾಚೆ" ಯೋಜನೆಯೂ ಕರಾವಳಿಯಲ್ಲಿ ಮಂಗಳೂರಿನ ಸುತ್ತಮುತ್ತಲೇ ಸುತ್ತುತ್ತಿದೆ. ನಾವು ಮಂಗಳೂರಿಗೂ ದೂರ, ಹುಬ್ಬಳ್ಳಿಗೂ ದೂರ.

ಹಾಗೆಂದು ನಮ್ಮಲ್ಲಿ ಓದಿದವರಿಲ್ಲವೇ? ಕುಮಟೆಯ ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಭಟ್ಕಳದ ಅಂಜುಮನ್ ಸಂಸ್ಥೆಗಳಲ್ಲಿ ಓದಿದ ಮಕ್ಕಳು ವರ್ಷ ವರ್ಷವೂ ಹೊರಬರುತ್ತಿದ್ದಾರೆ. ಕೆಲವರು ಮುಂದೆ ಮಂಗಳೂರು, ಧಾರವಾಡ, ಮಣಿಪಾಲಗಳಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತಾರೆ. ಬಳಿಕ ಗಂಡುಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ತೆರಳುತ್ತಾರೆ. ಹೆಣ್ಣುಮಕ್ಕಳಲ್ಲಿ ಅನೇಕರು ಮದುವೆಯಾಗಿ ಇದೇ ಮೂರು ಪಟ್ಟಣಗಳಲ್ಲಿ ನೆಲೆಸುತ್ತಾರೆ. ಪದವಿ ಪ್ರಮಾಣಪತ್ರವು ಕಪಾಟಿನಲ್ಲಿ ಉಳಿಯುತ್ತದೆ. ಭಟ್ಕಳದ ಸ್ಥಿತಿ ಇನ್ನೂ ಸೂಕ್ಷ್ಮ: ಕೊಲ್ಲಿಯ ಹಣದಿಂದ ಕಟ್ಟಿದ ಒಳ್ಳೆಯ ಮನೆಗಳಿವೆ, ಉತ್ತಮ ಅಂತರಜಾಲ ಸಂಪರ್ಕವಿದೆ, ಓದಿದ ಹೆಂಗಸರಿದ್ದಾರೆ. ಅವರ ವಿದ್ಯೆಗೆ ತಕ್ಕ ಕೆಲಸವಿಲ್ಲ. ನನ್ನ ಲೆಕ್ಕದಲ್ಲಿ ಇದು ನಿಷ್ಕ್ರಿಯ ಬಂಡವಾಳ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾವಿರಾರು ಉದ್ಯೋಗಗಳು ಬಂದಿಳಿಯುತ್ತವೆ ಎಂದು ನಾನು ಹೇಳುತ್ತಿಲ್ಲ. ಬರಿಯ ಬಿ.ಎಸ್ಸಿ. ಸಾಲದು, ಸ್ನಾತಕೋತ್ತರ ಪದವಿ ಹಾಗೂ ಅದರ ಮೇಲೆ ತರಬೇತಿ ಬೇಕು. ಮೂರು ತಾಲೂಕು ಸೇರಿ ಹತ್ತಿಪ್ಪತ್ತು ಜನರಿಗೆ ಆರಂಭದಲ್ಲಿ ಅವಕಾಶವಾದರೆ ಅದೇ ದೊಡ್ಡದು. ಕೃತಕ ಬುದ್ಧಿಮತ್ತೆಯೇ ಈ ಕೆಲಸವನ್ನು ನುಂಗಿಹಾಕುತ್ತದೆಂಬ ವಾದವೂ ಇದೆ. ಗೂಗಲ್‌ನ ಆಲ್ಫಾಮಿಸೆನ್ಸ್ ಎಂಬ ತಂತ್ರಾಂಶವು 2023ರಲ್ಲಿ ಒಂದು ಬಗೆಯ 7.1 ಕೋಟಿ ಸಂಭಾವ್ಯ ವ್ಯತ್ಯಾಸಗಳ ಪೈಕಿ ಶೇ. 89ರಷ್ಟನ್ನು ತಾನೇ ವಿಂಗಡಿಸಿತು. ಟ್ಯಾಲಿ ಬಂದಾಗ ಲೆಕ್ಕಪರಿಶೋಧಕರ ಕಥೆ ಮುಗಿಯಿತೆಂದವರಿದ್ದರು, ನಾವು ಉಳಿದೆವು. ಆದರೆ ನಮ್ಮ ಅಂಗಡಿಗಳ ಕಿರ್ದಿ ಬರೆಯುತ್ತಿದ್ದ ಗುಮಾಸ್ತರು ಉಳಿಯಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಆದ್ದರಿಂದ ನಮ್ಮ ಮಕ್ಕಳನ್ನು ಸೋಸುವ ಕೆಲಸಕ್ಕಲ್ಲ, ತೀರ್ಮಾನಿಸುವ ಕೆಲಸಕ್ಕೆ ತರಬೇತಿಗೊಳಿಸಬೇಕು.

ಯಂತ್ರವು ಸುಲಭವಾಗಿ ಕಸಿಯಲಾಗದ ಇನ್ನೊಂದು ಕೆಲಸ ಆನುವಂಶಿಕ ಆಪ್ತಸಮಾಲೋಚನೆ. ವರದಿಯ ಅರ್ಥವನ್ನು ಕುಟುಂಬಕ್ಕೆ ತಿಳಿಸಿ ಹೇಳುವುದು, ಮುಂದಿನ ಮಗುವಿಗೆ ಅಪಾಯವೆಷ್ಟೆಂದು ವಿವರಿಸುವುದು ಈ ಸಮಾಲೋಚಕರ ಹೊಣೆ. ಇದನ್ನು ವಿಡಿಯೋ ಕರೆಯ ಮೂಲಕ ಮಾಡುವ ಪದ್ಧತಿ ಕೋವಿಡ್ ನಂತರ ರೂಢಿಯಾಗಿದೆ. ಕುಟುಂಬಗಳು ಮಾತಿಗೆ ಕುಳಿತುಕೊಳ್ಳುವುದು ಹಗಲಿನಲ್ಲಿಯೇ. ಸೋದರ ಸಂಬಂಧದ ವಿವಾಹಗಳು ದಕ್ಷಿಣದ ಹಲವು ಸಮುದಾಯಗಳಲ್ಲಿ ರೂಢಿಯಲ್ಲಿರುವುದರಿಂದ ಈ ಸಲಹೆಯ ಅಗತ್ಯ ನಮ್ಮಲ್ಲಿ ಕಡಿಮೆಯೇನಲ್ಲ. ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವೆಲ್ಲ ಕೂಗೆಬ್ಬಿಸಿದ್ದು ನೆನಪಿದೆಯಷ್ಟೆ. ನಮ್ಮ ರೋಗಿಗಳು ಇಂದಿಗೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಣಿಪಾಲದ ದಾರಿ ಹಿಡಿಯುತ್ತಾರೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಕನ್ನಡ, ಕೊಂಕಣಿ, ನವಾಯತಿ, ಉರ್ದು ಬಲ್ಲ ನಮ್ಮೂರಿನ ತರಬೇತಾದ ಹುಡುಗಿಗಿಂತ ಉತ್ತಮ ಸಮಾಲೋಚಕಿ ಈ ಕರಾವಳಿಗೆ ಯಾರಿದ್ದಾರೆ?

ಇನ್ನು ಸ್ಥಳದ ವಿಷಯ. ಇಡೀ ಜಿನೋಮಿನ ಕಚ್ಚಾ ಕಡತವು 100 ಜಿಬಿ ಮುಟ್ಟಬಹುದಾದರೂ ಅದು ನಮ್ಮ ಮನೆಗೆ ಬರುವುದೇ ಇಲ್ಲ. ಪ್ರಯೋಗಶಾಲೆಯ ಸರ್ವರಿನಲ್ಲಿಯೇ ಇರುತ್ತದೆ. ಓದುಗರು ಸುರಕ್ಷಿತ ಸಂಪರ್ಕದ ಮೂಲಕ ಅಲ್ಲಿಗೆ ಹೋಗಿ ನೋಡುತ್ತಾರೆ. ಆದುದರಿಂದ ಬೇಕಾಗಿರುವುದು ಅತಿ ವೇಗವಲ್ಲ, ಅಡೆತಡೆಯಿಲ್ಲದ ಸಂಪರ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ವಿದ್ಯುತ್ತಿನ ಅವಸ್ಥೆ ಎಲ್ಲರಿಗೂ ಗೊತ್ತು. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ಇಟ್ಟುಕೊಂಡ ತಾಲೂಕಿನಲ್ಲಿ ಮಳೆಗಾಲಕ್ಕೆ ಮುನ್ನ ಮೇಣದಬತ್ತಿ ಕೊಳ್ಳುವವರು ನಾವು!

ಎರಡನೆಯದು ಗೋಪ್ಯತೆ. ಮಾದರಿಗಳಿಗೆ ಸಂಕೇತ ಸಂಖ್ಯೆ ಮಾತ್ರ ಇರುತ್ತದೆಂಬುದು ನಿಜ. ಆದರೂ ಒಬ್ಬರ ಮನೆಯ ಸುದ್ದಿ ಸಂಜೆಯೊಳಗೆ ಪೇಟೆಗೆಲ್ಲ ತಲುಪುವ ಊರು ನಮ್ಮದು. ಒಂದು ವರದಿಯ ಮಾತು ಹೊರಬಿದ್ದರೆ ಮನೆತನದ ಮದುವೆ ಸಂಬಂಧಗಳೇ ಮುರಿದುಬೀಳಬಹುದು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಭದ್ರತಾ ಲೋಪಕ್ಕೆ 250 ಕೋಟಿ ರೂ. ವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಭ್ರೂಣಲಿಂಗ ಬಹಿರಂಗಪಡಿಸುವುದಕ್ಕೆ 1994ರ ಕಾಯಿದೆಯ ನಿಷೇಧವಂತೂ ಇದ್ದೇ ಇದೆ. ಅತಿಥಿಗಳು ಬಂದುಹೋಗುವ ಜಗಲಿಯಲ್ಲಿ ಕುಳಿತು ಮಾಡುವ ಕೆಲಸ ಇದಲ್ಲ. ಕಂಪನಿಗಳು ಸಹ ಇದನ್ನೇ ಮೊದಲು ಕೇಳುತ್ತವೆ.

ನಮ್ಮ ಮೂರೂ ಪಟ್ಟಣಗಳ ವಾಣಿಜ್ಯ ಸಂಕೀರ್ಣಗಳಲ್ಲಿ ಕೆಳಗಿನ ಮಳಿಗೆಗಳಿಗೆ ಪೈಪೋಟಿ ಇದೆ. ಎರಡನೆಯ ಮಹಡಿ ಖಾಲಿ. ಬಾಡಿಗೆದಾರರಿಗಾಗಿ ಕಾದು ಕಾದು ಗೋದಾಮು ಮಾಡಿಕೊಂಡವರನ್ನು ನಾನು ಬಲ್ಲೆ. ಅಂತಹ ಒಂದು ಮಹಡಿಯಲ್ಲಿ 12 ಆಸನಗಳ ಬೀಗ ಹಾಕುವ ಕೊಠಡಿ, ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಸಂಪರ್ಕ, ಇಡೀ ದಿನ ತಾಳುವ ಬ್ಯಾಟರಿ, ಸಣ್ಣ ಜನರೇಟರ್, ಸಮಾಲೋಚನೆಗೆ ಧ್ವನಿ ಹೊರಹೋಗದ ಎರಡು ಚಿಕ್ಕ ಕೋಣೆಗಳು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಇಷ್ಟಕ್ಕೆ ನನ್ನ ಅಂದಾಜಿನಲ್ಲಿ 10ರಿಂದ 12 ಲಕ್ಷ ರೂ. ಸಾಕು. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದು ಸಂಜೆ 6ಕ್ಕೆ ಮುಚ್ಚುವ ಈ ಕೊಠಡಿಯೇ "ಹಗಲು ಕೆಲಸ"ಕ್ಕೆ ಅತ್ಯುತ್ತಮ ಖಾತರಿ.

ಕರಾರಿನ ಬಗ್ಗೆ ಎರಡು ಮಾತು. ನನ್ನ ಕಕ್ಷಿದಾರರ ಸೊಸೆಯ ಕರಾರುಪತ್ರವನ್ನು ಓದಿದೆ. ಹೆಸರಿಗೆ ಆಕೆ ಸ್ವತಂತ್ರ ಸಲಹೆಗಾರ್ತಿ. ಆದರೆ ಕೆಲಸದ ವೇಳೆ ನಿಗದಿಯಾಗಿದೆ, ರಜೆಗೆ ಅನುಮತಿ ಬೇಕು, ಬೇರೆಯವರ ಕೆಲಸ ಮಾಡುವಂತಿಲ್ಲ. ಭವಿಷ್ಯನಿಧಿ ಇಲ್ಲ, ನೌಕರರಿಗೆ ದೊರೆಯುವ 26 ವಾರಗಳ ಹೆರಿಗೆ ರಜೆಯೂ ಇಲ್ಲ. ಹಗಲು ಎಂಬ ಪದ ಕರಾರಿನಲ್ಲಿ ಎಲ್ಲಿಯೂ ಇಲ್ಲದ ಕಾರಣ, ಸಂಜೆಯ ಸಭೆಗಳು ಕ್ರಮೇಣ ರಾತ್ರಿ ಒಂಬತ್ತಕ್ಕೆ ಜಾರಿವೆ. ಮಾವನವರಿಗೆ ಇದು ತಿಳಿದಿರಲಿಲ್ಲ. ತಿಳಿದರೆ ಕೆಲಸ ಬಿಡಿಸುತ್ತಾರೆಂಬ ಅಂಜಿಕೆಯಿಂದ ಆಕೆ ಹೇಳಿರಲೂ ಇಲ್ಲ. ವೇಳೆಯನ್ನು ಭಾರತೀಯ ಕಾಲಮಾನದಲ್ಲಿ ಬರೆಸಿ, ತಿಂಗಳಿಗೆ ಇಂತಿಷ್ಟು ಸಂಜೆ ಸಭೆ ಮಾತ್ರ ಎಂಬ ಷರತ್ತು ಹಾಕಿಸುವಂತೆ ಸೂಚಿಸಿದೆ. ಒಬ್ಬೊಬ್ಬರೇ ಕೇಳಿದರೆ ಕಂಪನಿ ಕಿವಿಗೊಡದು. ಹನ್ನೆರಡು ಜನರ ಪರವಾಗಿ ವಾಣಿಜ್ಯ ಸಂಸ್ಥೆಯೊಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ.

ವಿದೇಶಿ ಸಂಸ್ಥೆಗೆ ನೇರವಾಗಿ ಕೆಲಸ ಮಾಡುವವರ ಗಮನಕ್ಕೆ: ಅಂತಹ ಸಂಸ್ಥೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಕಡಿತ ಮಾಡುವುದಿಲ್ಲ, ಮುಂಗಡ ತೆರಿಗೆಯನ್ನು ತಾವೇ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಸೇವಾ ರಫ್ತಿನ ಷರತ್ತುಗಳನ್ನು ಪೂರೈಸಿ ಎಲ್‌ಯುಟಿ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ಅಮೆರಿಕವು ತನ್ನ ಪ್ರಜೆಗಳ ಜಿನೋಮ್ ದತ್ತಾಂಶವು ಚೀನಾ, ರಷ್ಯಾ ಮೊದಲಾದ ಕೆಲವು ದೇಶಗಳ ಕೈಸೇರದಂತೆ 2025ರ ಏಪ್ರಿಲ್‌ನಿಂದ ನಿರ್ಬಂಧ ಹೇರಿದೆ. ಆ ಪಟ್ಟಿಯಲ್ಲಿ ಭಾರತವಿಲ್ಲ ಎಂಬುದನ್ನು ವ್ಯಾಪಾರಿಗಳು ಗಮನಿಸತಕ್ಕದ್ದು.

"ಜೀನುಗಳಿಗೂ ನಮಗೂ ಏನು ಸಂಬಂಧ?" ಎಂದು ಸದಸ್ಯರೊಬ್ಬರು ನನ್ನನ್ನು ಕೇಳಿದ್ದುಂಟು. ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಅಳ್ವೇಕೋಡಿಯ ಸಿಹಿ ಈರುಳ್ಳಿ ಇವೆರಡೂ ನಮ್ಮ ರೈತರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡ ತಳಿಗಳೇ. ಅವುಗಳ ವ್ಯಾಪಾರ ಮಾಡಿಯೇ ನಮ್ಮಲ್ಲಿ ಕೆಲವರು ಮಹಡಿ ಕಟ್ಟಿದ್ದಾರೆ.

ಮುಂದಿನ ಮಾಸಿಕ ಸಭೆಗೆ, ಎರಡನೆಯ ಮಹಡಿ ಖಾಲಿಯಿರುವ ಸದಸ್ಯರು ಅದರ ಅಳತೆ, ವಿದ್ಯುತ್ ಮಂಜೂರಾತಿಯ ಪ್ರತಿ ಹಾಗೂ ಮೊದಲ ಎರಡು ವರ್ಷಗಳಿಗೆ ತಾವು ಒಪ್ಪಬಹುದಾದ ಬಾಡಿಗೆಯನ್ನು ಬರೆದು ತರಬೇಕೆಂದು ಕೋರುತ್ತೇನೆ. ಮನೆಯಲ್ಲಿ ಜೀವಶಾಸ್ತ್ರ ಓದಿದ ಮಗಳೋ ಸೊಸೆಯೋ ಇದ್ದರೆ ಅವರ ಪದವಿ ಹಾಗೂ ವರ್ಷವನ್ನೂ ಅದೇ ಹಾಳೆಯಲ್ಲಿ ನಮೂದಿಸಿ. ಕರಾರಿನ ಮಾದರಿಯೊಂದನ್ನು ನಾನು ಸಿದ್ಧಪಡಿಸಿ ತರುತ್ತೇನೆ, ಅದಕ್ಕೆ ಶುಲ್ಕವಿಲ್ಲ.