ಜವಾಬು ಕೇಳಿದರೆ ಕೋಪವೇಕೆ?

ಏಸೂರು ಕೊಟ್ಟರೂ ಈಸೂರು ಕೊಡೆವು. ನಮ್ಮ ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಹದಿಮೂರರ ಮಗ್ಗಿ ಬರದಿದ್ದರೂ ಈ ಘೋಷಣೆ ಬರುತ್ತದೆ. ಆಗಸ್ಟ್ 15ರ ಬೆಳಿಗ್ಗೆ ಭಾಷಣಕಾರರು ಇದನ್ನು ಕೂಗಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಾವು ಚಪ್ಪಾಳೆ ತಟ್ಟಿ, ಸಿಹಿ ತಿಂದು, ಮನೆಗೆ ಬಂದು ಕುಕ್ಕರ್ ಇಡುತ್ತೇವೆ. ಘೋಷಣೆಯ ಮೇಲೆ ನನಗೇನೂ ಮುನಿಸಿಲ್ಲ, ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡಿದವಳಾಗಿ ನನ್ನದೊಂದು ತಕರಾರಿದೆ. ಈಸೂರಿನವರು ಆ ಘೋಷಣೆಯ ಜೊತೆಗೆ ಇನ್ನೂ ಒಂದು ಮಾತನ್ನು ಬರೆದು ಊರಬಾಗಿಲಿಗೆ ತೂಗುಹಾಕಿದ್ದರು. ಅದನ್ನು ಮಾತ್ರ ನಾವೆಲ್ಲ ಸೇರಿ ಬಹಳ ಜಾಣತನದಿಂದ ಮರೆತಿದ್ದೇವೆ.

ಗೊತ್ತಿಲ್ಲದವರಿಗಾಗಿ ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಯಿತು. ಮರುದಿನ ಬೆಳಗಾಗುವುದರೊಳಗೆ ಗಾಂಧೀಜಿಯೂ ದೊಡ್ಡ ನಾಯಕರೂ ಸೆರೆಯಾದರು. ಎರಡನೇ ಮಹಾಯುದ್ಧದ ಕಾಲ ಅದು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರೂ ಆ ವರ್ಷ ಚಳವಳಿಗೆ ಇಳಿದರು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ನಮ್ಮ ಊರು ಸ್ವತಂತ್ರವಾಯಿತು ಎಂದು ಸಾರಿಬಿಟ್ಟರು. ತಮ್ಮದೇ ಸರ್ಕಾರ ಮಾಡಿಕೊಂಡರು. ಜಯಣ್ಣ ಎಂಬ ಹುಡುಗ ಅಮಲ್ದಾರನಾದ, ಮಲ್ಲಪ್ಪ ಎಂಬ ಇನ್ನೊಬ್ಬ ಹುಡುಗ ಸಬ್ ಇನ್ಸ್‌ಪೆಕ್ಟರ್ ಆದ. ಕೆಲವೇ ದಿನಗಳಲ್ಲಿ ನಿಜವಾದ ಅಮಲ್ದಾರ ಚನ್ನಕೃಷ್ಣಪ್ಪ, ನಿಜವಾದ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಜನ ತಿರುಗಿಬಿದ್ದರು, ಇಬ್ಬರು ಅಧಿಕಾರಿಗಳೂ ಸತ್ತರು. ಆಮೇಲೆ ಸೈನ್ಯ ಬಂತು. ಮನೆಗಳನ್ನು ಲೂಟಿ ಮಾಡಿದರು, ಸುಟ್ಟರು. ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಡು ಸೇರಿದರು. 1943ರ ಮಾರ್ಚ್ 8, 9 ಮತ್ತು 10ರಂದು ಬೆಂಗಳೂರಿನ ಸೆರೆಮನೆಯಲ್ಲಿ ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಅದೇ ಹೆಸರಿನ ಬೇರೊಬ್ಬರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು.

ಈಗ ಊರಬಾಗಿಲ ಫಲಕದ ಮಾತಿಗೆ ಬರುತ್ತೇನೆ. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ ಎಂಬುದು ಅದರ ಒಕ್ಕಣೆ. ಸ್ವಲ್ಪ ಗಮನಿಸಿ. ಪರಂಗಿ ಸರ್ಕಾರ ಎಂದು ಬರೆಯಲಿಲ್ಲ, ಪಾಪಿ ಸರ್ಕಾರ ಎಂದೂ ಬರೆಯಲಿಲ್ಲ. ಬೇಜವಾಬ್ದಾರಿ ಎಂದು ಬರೆದರು. ಆಗ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನವರು ಕೇಳುತ್ತಿದ್ದುದೇ ‘ಜವಾಬ್ದಾರಿ ಸರ್ಕಾರ’. ಮಹಾರಾಜರಿಗೆ ಮಾತ್ರ ಉತ್ತರ ಹೇಳುವ ದಿವಾನರು ಬೇಡ, ಜನರಿಗೆ ಉತ್ತರ ಹೇಳುವ ಮಂತ್ರಿಗಳು ಬೇಕು ಎಂದು ಅದರ ಅರ್ಥ. ಜವಾಬು ಕೊಡಬೇಕಾದವನೇ ಜವಾಬ್ದಾರ. ಹಳ್ಳಿಯ ಒಕ್ಕಲು ಮಕ್ಕಳು ಇಷ್ಟು ಸರಿಯಾದ ಪದವನ್ನು ಆರಿಸಿ ಬರೆದಿದ್ದಾರಲ್ಲ, ಬಿ.ಎ., ಬಿ.ಎಡ್. ಮಾಡಿದ ನಾವು ಅದರ ಮೇಲೆ ಒಂದು ಪ್ರಶ್ನೆಯನ್ನೂ ಪರೀಕ್ಷೆಯಲ್ಲಿ ಕೇಳುವುದಿಲ್ಲ. ಗಲ್ಲಿಗೇರಿದವರ ಹೆಸರು ಬರೆಯಿರಿ, ಎರಡು ಅಂಕ. ಮುಗಿಯಿತು.

ಮೊದಲು ಆ ಹುಡುಗರ ವಿಷಯ. ಚಿಕ್ಕ ಹುಡುಗರನ್ನೇ ಅಮಲ್ದಾರ, ಇನ್ಸ್‌ಪೆಕ್ಟರ್ ಮಾಡಿದ್ದು ಯಾಕೆ ಎಂದರೆ, ವಯಸ್ಸಿಗೆ ಬರದವರನ್ನು ಪೊಲೀಸರು ಜೈಲಿಗೆ ಹಾಕುವುದಿಲ್ಲ ಎಂಬ ಲೆಕ್ಕಾಚಾರ ಎಂದು ನಮ್ಮ ಕಡೆ ಹೇಳುತ್ತಾರೆ. ಭಾಷಣಗಳಲ್ಲಿ ಇದನ್ನು ಊರ ಹಿರಿಯರ ಚಾಣಾಕ್ಷತನ ಎಂದು ಹೊಗಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ನನ್ನ ಏಳನೇ ತರಗತಿಯ ಹುಡುಗರು ಕಣ್ಣಮುಂದೆ ಬರುತ್ತಾರೆ. ಜೇಬಿನ ತುಂಬ ಗೋಲಿ, ಮೂಗಿನ ತುದಿಯಲ್ಲಿ ಶೀತ. ಬಂದೂಕು ಹಿಡಿದವರು ಊರಿಗೆ ಬರುತ್ತಾರೆಂದು ಗೊತ್ತಿದ್ದೂ ಇಂಥವರ ತಲೆಗೆ ಅಧಿಕಾರದ ಟೋಪಿ ಇಡುವುದು ಯಾವ ಚಾಣಾಕ್ಷತನ? ನಮ್ಮ ಆಡುಮಾತಿನಲ್ಲಿ ‘ಟೋಪಿ ಹಾಕುವುದು’ ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ, ನೆನಪಿರಲಿ. ತಾಯಂದಿರನ್ನು ಒಂದು ಮಾತು ಕೇಳಿ ಈ ನೇಮಕ ಮಾಡಿದರೇ? ಈ ಪ್ರಶ್ನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

ಹಾಗೆಯೇ ಆ ಇಬ್ಬರು ಅಧಿಕಾರಿಗಳು. ಚನ್ನಕೃಷ್ಣಪ್ಪ, ಕೆಂಚೇಗೌಡ. ಹೆಸರೇ ಹೇಳುತ್ತದೆ, ಇಂಗ್ಲೆಂಡಿನ ಹಡಗಿನಲ್ಲಿ ಬಂದಿಳಿದವರಲ್ಲ. ನಮ್ಮ ನಿಮ್ಮಂತೆ ರಾಗಿ ಮುದ್ದೆಯೋ ಅನ್ನವೋ ಉಂಡು ಸಂಬಳಕ್ಕೆ ದುಡಿಯುತ್ತಿದ್ದವರು. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ, ಹುಕುಂ ಪಾಲಿಸಿದೆ ಎಂದ ಮಾತ್ರಕ್ಕೆ ಯಾರೂ ನಿರ್ದೋಷಿಯಾಗುವುದಿಲ್ಲ. ಆದರೆ ನಮ್ಮ ಶಾಲಾ ನಾಟಕಗಳಲ್ಲಿ ಅವರಿಗೆ ದಪ್ಪ ಮೀಸೆ ಅಂಟಿಸಿ, ಕುಡುಕನ ನಡಿಗೆ ಕಲಿಸಿ, ಸಾಯುವಾಗ ಮಕ್ಕಳಿಂದ ಕೇಕೆ ಹಾಕಿಸುತ್ತೇವಲ್ಲ, ಅದು ನನಗೆ ಸಹಿಸದು.

ನಾನೊಮ್ಮೆ ಇದೇ ಕತೆಯನ್ನು ಮಕ್ಕಳಿಗಾಗಿ ಪುಟ್ಟ ನಾಟಕ ಮಾಡಿ ಬರೆದಿದ್ದೆ. ಅದರಲ್ಲಿ ಎರಡು ದೃಶ್ಯ ಸೇರಿಸಿದ್ದೆ. ಒಂದರಲ್ಲಿ ಕಾಡಿನಲ್ಲಿ ಅಡಗಿದ ಈಸೂರಿನ ಹೆಂಗಸರು, ಮಗು ಅತ್ತರೆ ಸಿಪಾಯಿಗಳಿಗೆ ಕೇಳಿಸೀತೆಂದು ಅದರ ಬಾಯಿ ಒತ್ತಿ ಹಿಡಿಯುವುದು. ಇನ್ನೊಂದರಲ್ಲಿ ಅಮಲ್ದಾರರ ಮನೆಯ ಹೆಂಗಸರು ಊಟಕ್ಕೆ ಕಾಯುತ್ತ ಕೂತಿರುವುದು. ಎರಡನ್ನೂ ತೆಗೆಯಬೇಕು ಎಂದರು. ಮೊದಲನೆಯದು ‘ಬಹಳ ಬೇಸರ ತರುತ್ತದೆ’, ಎರಡನೆಯದು ‘ಹುತಾತ್ಮರಿಗೆ ಅವಮಾನ’. ಹಿರಿಯ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ಮೆಲ್ಲಗೆ, “ಮೇಡಂ, ಹಿರಿಯರ ಹೆಸರಿನಲ್ಲಿ ಇಂಥದ್ದೆಲ್ಲ ಕೆದಕುವುದು ನಮ್ಮ ಸಂಸ್ಕೃತಿಯಲ್ಲ” ಎಂದರು. ಸಂಸ್ಕೃತಿ! ಅಕ್ಕಿ ಆರಿಸುವಾಗ ಕಲ್ಲು ಹೆಕ್ಕಿ ಹಾಕಿದರೆ ಅಕ್ಕಿಗೆ ಅವಮಾನವೇ?

ಹಿರಿಯರನ್ನು ಕೇಳಬಾರದು ಎನ್ನುವವರಿಗೆ ಗಾಂಧೀಜಿಯವರದೇ ಉದಾಹರಣೆ ಕೊಡುತ್ತೇನೆ. 1922ರ ಫೆಬ್ರವರಿಯಲ್ಲಿ ಉತ್ತರದ ಚೌರಿ ಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟು ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಅಲ್ಲಿರಲಿಲ್ಲ, ಹಾಗೆ ಮಾಡಿ ಎಂದು ಹೇಳಿರಲೂ ಇಲ್ಲ. ಆದರೂ ಐದು ದಿನ ಉಪವಾಸ ಮಾಡಿದರು, ದೇಶವ್ಯಾಪಿ ಚಳವಳಿಯನ್ನೇ ನಿಲ್ಲಿಸಿದರು. ಜೊತೆಗಿದ್ದವರಿಗೆ ಸಿಟ್ಟು ಬಂದಿತ್ತು, ಇಂದಿಗೂ ಅದು ತಪ್ಪು ಎನ್ನುವವರಿದ್ದಾರೆ. ಇರಲಿ. ನನ್ನ ಹೆಸರಿನಲ್ಲಿ ನಡೆದದ್ದಕ್ಕೆ ನಾನು ಜವಾಬು ಕೊಡಬೇಕು ಎಂದುಕೊಂಡ ನಾಯಕ ಅವರು. 1942ರಲ್ಲಿ ಮಾತ್ರ ನಾಯಕರೆಲ್ಲ ಸೆರೆಯಲ್ಲಿದ್ದಾಗ ಪ್ರತಿಯೊಬ್ಬನೂ ತನಗೆ ತಾನೇ ನಾಯಕ ಎಂಬ ಮಾತು ಊರೂರಿಗೆ ಹಬ್ಬಿತು. ಕೇಳಲು ಎಷ್ಟು ಚೆಂದ! ಹಾಗೆ ನಾಯಕರಾದ ಹಳ್ಳಿಗರು ನ್ಯಾಯಾಲಯದಲ್ಲಿ ಕೈಕಟ್ಟಿ ನಿಂತಾಗ ಅವರ ಪಾಲಿಗೆ ಉಳಿದದ್ದು ಹಗ್ಗ. ಆಗಾಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿ ಮಾಡಿದ 21 ದಿನಗಳ ಉಪವಾಸ 1943ರ ಮಾರ್ಚ್ 3ರಂದು ಮುಗಿಯಿತು. ಇಡೀ ದೇಶ ಉಸಿರು ಬಿಗಿಹಿಡಿದು ಅದನ್ನು ನೋಡುತ್ತಿತ್ತು. ಅದಾದ ಐದನೇ ದಿನ ಬೆಂಗಳೂರಿನಲ್ಲಿ ಈಸೂರಿನ ಮೊದಲ ಗಲ್ಲು.

ಹಾಗಾದರೆ ಗಲ್ಲು ಕೊಟ್ಟವರು ಯಾರು? ಇದನ್ನು ತರಗತಿಯಲ್ಲಿ ಕೇಳಿದರೆ ನಲವತ್ತು ಮಕ್ಕಳೂ ಒಟ್ಟಿಗೆ “ಬ್ರಿಟಿಷರು ಮಿಸ್” ಎನ್ನುತ್ತಾರೆ. ಅಲ್ಲ. ಈಸೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಪೊಲೀಸರು ಸಂಸ್ಥಾನದವರು, ಸೆರೆಮನೆ ಸಂಸ್ಥಾನದ್ದು. ಸಿಂಹಾಸನದ ಮೇಲಿದ್ದವರು ಜಯಚಾಮರಾಜ ಒಡೆಯರು, ಆಗ ಅವರಿಗೆ ಇನ್ನೂ 23 ವರ್ಷ. ದಿವಾನರು ಎನ್. ಮಾಧವರಾವ್. ಮೇಲೆ ಬ್ರಿಟಿಷರ ನೆರಳು ಇತ್ತು, ಒಪ್ಪೋಣ. ಆದರೂ ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದಂತೆ ಎಲ್ಲವನ್ನೂ ಬಿಳಿಯರ ಬಾಯಿಗೆ ಒರೆಸಿ ಕೈತೊಳೆದುಕೊಂಡರೆ ಹೇಗೆ?

ಮುಂದಿನದನ್ನೂ ಕೇಳಿ. 1947ರಲ್ಲಿ ‘ಮೈಸೂರು ಚಲೋ’ ಚಳವಳಿಯಾಗಿ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. ಒಡೆಯರು ರಾಜಪ್ರಮುಖರಾದರು, 1956ರಿಂದ ರಾಜ್ಯಪಾಲರಾದರು. ಮಾಧವರಾಯರು ಅಂಬೇಡ್ಕರ್ ಅವರ ಅಧ್ಯಕ್ಷತೆಯ ಸಂವಿಧಾನ ಕರಡು ಸಮಿತಿಯಲ್ಲಿ ಸದಸ್ಯರಾಗಿ ಕೂತರು. ಒಡೆಯರ ವಿದ್ವತ್ತು, ಸಂಗೀತ ನನಗೂ ಅಚ್ಚುಮೆಚ್ಚು. ದಸರಾ ಬಂದರೆ ಅಂಬಾರಿ ನೋಡಲು ನಾನೂ ಟಿ.ವಿ. ಮುಂದೆ ಕೂರುತ್ತೇನೆ. ಆದರೆ ಈಸೂರಿನ ಐವರ ಬಗ್ಗೆ ಒಂದು ಮಾತು ಹೇಳಿ ಎಂದು ಇವರನ್ನು ಒತ್ತಾಯಿಸಿ ಕೇಳುವ ಪದ್ಧತಿಯನ್ನೇ ನಾವು ಬೆಳೆಸಲಿಲ್ಲ. ಹುತಾತ್ಮರಿಗೂ ಹೂವು, ಗಲ್ಲು ಕೊಟ್ಟ ಸರ್ಕಾರದವರಿಗೂ ಹೂವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಇಲ್ಲಿ ಉಪ್ಪು ತಿಂದವರು ಒಬ್ಬರು, ನೀರು ಕುಡಿದವರು ಇನ್ನೊಬ್ಬರು.

ಇದು ನಮ್ಮೊಬ್ಬರ ರೋಗವೂ ಅಲ್ಲ. ಅಮೆರಿಕದ ಮಿನೆಸೋಟದಲ್ಲಿರುವ ನನ್ನ ತಂಗಿಯ ಮಗಳ ನೆರೆಮನೆಯವರು ಹ್ಮಾಂಗ್ ಎಂಬ ಜನಾಂಗದವರು. ಮೂಲ ಲಾವೋಸ್ ದೇಶದ ಬೆಟ್ಟಗಳ ರೈತರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಇವರ ಕೈಗೆ ಬಂದೂಕು ಕೊಟ್ಟು ಕಮ್ಯುನಿಸ್ಟರ ಮೇಲೆ ಗುಟ್ಟಾಗಿ ಹೋರಾಡಿಸಿತು. ಅವರ ಸೇನಾನಿ ವಾಂಗ್ ಪಾವೊ. ದೊಡ್ಡವರು ಸತ್ತು ಮುಗಿದ ಮೇಲೆ ಹನ್ನೆರಡು, ಹದಿಮೂರು ವರ್ಷದ ಹುಡುಗರೂ ಬಂದೂಕು ಹೊತ್ತರು. 1975ರಲ್ಲಿ ಅಮೆರಿಕ ಕೈಬಿಟ್ಟಿತು. ಸೇನಾನಿ ವಿಮಾನದಲ್ಲಿ ಹೊರಟುಹೋದರು, ಸಾವಿರಾರು ಜನ ಹಿಂದೆ ಉಳಿದರು, ಮೆಕಾಂಗ್ ನದಿ ದಾಟುವಾಗ ಎಷ್ಟೋ ಜನ ಸತ್ತರು. ಉಳಿದವರು ನಿರಾಶ್ರಿತರಾಗಿ ಅಮೆರಿಕ ಸೇರಿದರು. ಹಿರಿಯರಿಗೆ ವಾಂಗ್ ಪಾವೊ ತಂದೆಯ ಸಮಾನ. 2011ರಲ್ಲಿ ತೀರಿಕೊಂಡಾಗ ಕ್ಯಾಲಿಫೋರ್ನಿಯಾದಲ್ಲಿ ಅವರ ಪದ್ಧತಿಯಂತೆ ದಿನಗಟ್ಟಲೆ ಅಂತ್ಯಕ್ರಿಯೆ ನಡೆಯಿತು. ಅಲ್ಲೇ ಹುಟ್ಟಿ ಓದಿದ ಕೆಲವು ಮಕ್ಕಳು ಮಾತ್ರ, ನಮ್ಮ ಚಿಕ್ಕಪ್ಪಂದಿರನ್ನು ಆ ವಯಸ್ಸಿಗೆ ಯುದ್ಧಕ್ಕೆ ಯಾಕೆ ಕಳಿಸಿದಿರಿ ಎಂದು ಕೇಳತೊಡಗಿದರು. 2007ರಲ್ಲಿ ಮ್ಯಾಡಿಸನ್ ಎಂಬ ಊರಿನ ಹೊಸ ಪ್ರಾಥಮಿಕ ಶಾಲೆಗೆ ಅವರ ಹೆಸರಿಡಲು ತೀರ್ಮಾನಿಸಿ, ಗಲಾಟೆಯಾಗಿ, ಲಾವೋಸ್ ಸರ್ಕಾರ ಉರುಳಿಸುವ ಸಂಚಿನ ಆರೋಪದ ಮೇಲೆ ಅವರ ಬಂಧನವೂ ಆಗಿ, ಕೊನೆಗೆ ಆ ಹೆಸರನ್ನೇ ಕೈಬಿಟ್ಟರು. ಅವರ ಮೇಲಿನ ಆ ಆರೋಪ 2009ರಲ್ಲಿ ಬಿದ್ದುಹೋಯಿತು.

ಯಾರು ಸರಿ ಎಂದು ಇಲ್ಲಿ ಕೂತು ನಾನು ಹೇಳಲಾರೆ. ನನ್ನ ಗಮನ ಸೆಳೆದದ್ದು ನೆರೆಮನೆಯ ಅಜ್ಜಿ ನನ್ನ ತಂಗಿಯ ಮಗಳಿಗೆ ಹೇಳಿದ ಮಾತು. “ಮನೆಯ ಮಾತು ಬೀದಿಗೆ ತರಬಾರದು, ಪರರು ನಗುತ್ತಾರೆ” ಎಂದರಂತೆ. ಫೋನಿನಲ್ಲಿ ಅದನ್ನು ಕೇಳಿ ನನಗೆ ನಗು ಬಂತು. ನನ್ನ ಅತ್ತೆಯ ಬಾಯಿಂದ ಇದೇ ಮಾತನ್ನು ಮದುವೆಯಾದ ವಾರದಿಂದ ಕೇಳಿದ್ದೇನೆ. ಹೊಡೆಸಿಕೊಂಡವಳು ಸುಮ್ಮನಿರಬೇಕು, ಕೇಳಿದವಳು ಸಂಪ್ರದಾಯ ಕೆಡಿಸಿದವಳು. ಇದು ನಿಮಗೂ ಗೊತ್ತಿರುವ ಕತೆಯೇ.

ಹಾಗೆಂದು ನಮ್ಮ ಹೆಂಗಸರಿಗೆ ಕೇಳಲು ಬಾರದು ಎಂದಲ್ಲ. ಭದ್ರಾವತಿಯಲ್ಲಿ 2015ರಲ್ಲಿ ಕಾಗದ ಕಾರ್ಖಾನೆ ನಿಂತಾಗ, 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ, ನ್ಯೂಟೌನಿನ ಹೆಂಗಸರು ಬಸ್‌ಸ್ಟಾಂಡಿನಲ್ಲಿ, ಹಾಲಿನ ಬೂತಿನಲ್ಲಿ ಆಡಿದ ಮಾತು ನಾನೇ ಕೇಳಿದ್ದೇನೆ. ಇದಕ್ಕೆ ಯಾರ್‍ರೀ ಜವಾಬ್ದಾರಿ ಎಂದು ಜೋರಾಗಿಯೇ ಕೇಳುತ್ತಿದ್ದರು. ಸಂಬಳದ ವಿಷಯದಲ್ಲಿ ಕೇಳಲು ಬರುವ ನಮಗೆ ಸಾವಿನ ವಿಷಯದಲ್ಲಿ ಕೇಳಲು ಬಾಯಿ ಯಾಕೆ ಕಟ್ಟುತ್ತದೆ? ಈಸೂರಿನ ಹೆಂಗಸರು ಮೆರವಣಿಗೆಯಲ್ಲಿದ್ದರು, ಕಾಡಿನಲ್ಲಿದ್ದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಸೆರೆಮನೆಯನ್ನೂ ಕಂಡರು. ಈ ಮೂರು ಹೆಸರುಗಳು ಎರಡು ಅಂಕದ ಪ್ರಶ್ನೆಯಲ್ಲೂ ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಐವರ ಹೆಸರು ಹೇಳುವಾಗ ಸತ್ತ ಇಬ್ಬರ ಹೆಸರನ್ನೂ ಮೀಸೆ ತಿರುವದೆ ಹೇಳಿ. ಗಲ್ಲು ಯಾವ ಸರ್ಕಾರದ್ದು ಎಂದು ಮಕ್ಕಳಿಗೆ ಸರಿಯಾಗಿ ಹೇಳಿ. ಹುಡುಗರ ತಲೆಯ ಮೇಲಿನ ಟೋಪಿಯನ್ನು ಹೊಗಳುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಂತು ಯೋಚಿಸಿ. ಊರಬಾಗಿಲ ಫಲಕದ ಒಕ್ಕಣೆಯನ್ನು ಘೋಷಣೆಯ ಪಕ್ಕದಲ್ಲಿ ಬರೆಯಿಸಿ. ಇದರಿಂದ ಹುತಾತ್ಮರ ತೂಕ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಮಾರ್ಚ್ 8 ಎಂದರೆ ಈಗ ಮಹಿಳಾ ದಿನ. ಭದ್ರಾವತಿಯ ನಮ್ಮ ಮಹಿಳಾ ಮಂಡಳಿಯವರು ಮಾತನಾಡಲು ಕರೆದಿದ್ದಾರೆ. ಈಸೂರಿನ ಮೊದಲ ಗಲ್ಲಿನ ದಿನವೂ ಅದೇ ಎಂದು ಹೇಳಿದೆ, ಅವತ್ತಿನ ವಿಷಯ ಅದೇ ಇರಲಿ ಎಂದೆ. ಸ್ವಲ್ಪ ಹೊತ್ತು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ರಂಗೋಲಿ ಸ್ಪರ್ಧೆ ಮುಗಿದ ಮೇಲೆ, ಬಹುಮಾನ ವಿತರಣೆಗೆ ಮೊದಲು, ಹತ್ತು ನಿಮಿಷ ಕೊಡುತ್ತೇವೆ ಎಂದಿದ್ದಾರೆ.