ಹೊಗೆಯ ವಿಷಕ್ಕೆ ಸುಣ್ಣದ ಮದ್ದು

ಕಲ್ಲಿದ್ದಲಿನಲ್ಲಿ ಅಡಗಿರುವ ಗಂಧಕವು ಕುಲುಮೆಯಲ್ಲಿ ಉರಿದು, ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಚಿಮಣಿಯಿಂದ ಹೊರಬಿದ್ದು, ಗಾಳಿಯಲ್ಲಿ ಸಲ್ಫೇಟಿನ ಅತಿಸೂಕ್ಷ್ಮ ಕಣಗಳಾಗಿ ಪರಿಣಮಿಸಿ, ಬಹುದೂರದ ಜನರ ಶ್ವಾಸಕೋಶಗಳಲ್ಲಿಯೂ ವ್ಯಾಧಿಯನ್ನು ಬಿತ್ತುವುದೆಂಬುದು ನಿಸ್ಸಂಶಯವಾದ ಸಂಗತಿ. ಇದರ ಪರಿಹಾರವು ದುರ್ಲಭವಾದುದಲ್ಲ. ಸುಣ್ಣದ ಕಲ್ಲಿನ ಪುಡಿಯನ್ನು ಕುಲುಮೆಯೊಳಗೆ ಊದಿದರೆ ಅದು ಶಾಖದಿಂದ ಸುಟ್ಟ ಸುಣ್ಣವಾಗಿ, ಆ ಅನಿಲವನ್ನು ಹೀರಿ ಕ್ಯಾಲ್ಸಿಯಂ ಸಲ್ಫೇಟ್ ಆಗುವುದು. ಅದೇ ಪುಡಿಯನ್ನು ನೀರಿನಲ್ಲಿ ಕದಡಿ ಹೊಗೆಯನ್ನು ತೊಳೆದರೆ ನೂರಕ್ಕೆ 90ಕ್ಕೂ ಮಿಗಿಲಾದ ಪಾಲು ಸೆರೆಯಾಗಿ, ಸಿಮೆಂಟಿಗೆ ಬೇಕಾದ ಜಿಪ್ಸಮ್ ದೊರೆಯುವುದು. ಲಂಡನ್ನಿನ ಬ್ಯಾಟರ್ಸೀ ವಿದ್ಯುದಾಗಾರವು 1930ರ ದಶಕದಲ್ಲಿಯೇ ಥೇಮ್ಸ್ ನದಿಯ ನೀರು ಮತ್ತು ಸೀಮೆಸುಣ್ಣಗಳಿಂದ ತನ್ನ ಹೊಗೆಯನ್ನು ತೊಳೆದಿತ್ತು.

ನಮ್ಮಲ್ಲಾದರೋ, ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ಈ ಅನಿಲಕ್ಕೆ ವಿಧಿಸಿದ ಮಿತಿಯ ಗಡುವು ಪದೇಪದೇ ಮುಂದೂಡಲ್ಪಟ್ಟು, ಕಡೆಗೆ 2025ರ ಜುಲೈನಲ್ಲಿ, ಚಿಮಣಿಯ ಎತ್ತರದ ನಿಯಮವನ್ನು ಪಾಲಿಸಿದರೆ ಸಾಕೆಂದು ಬಹುಪಾಲು ವಿದ್ಯುತ್ ಸ್ಥಾವರಗಳಿಗೆ ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕವು ಅಲ್ಪವೆಂಬ ವಾದದಲ್ಲಿ ಸತ್ಯಾಂಶವುಂಟು. ಆದರೆ ಉರಿಸುವ ರಾಶಿ ಅಪಾರವಾದಾಗ ಆ ಅಲ್ಪವೂ ಅಪಾರವೇ ಆಗುವುದು. ಎತ್ತರದ ಚಿಮಣಿಯು ವಿಷವನ್ನು ಚದುರಿಸೀತೇ ಹೊರತು ನಾಶಗೊಳಿಸಲಾರದು.

ತೊಳೆಯುವ ಯಂತ್ರವು ದುಬಾರಿಯೆಂಬುದು ನಿಜವೇ. ಅದನ್ನು ಭರಿಸಲಾರದ ಹಳೆಯ ಸ್ಥಾವರಗಳಲ್ಲಿ, ಫಲ ಕಡಿಮೆಯಾದರೂ ಅಗ್ಗವಾದ, ಪುಡಿ ಊದುವ ವಿಧಾನವನ್ನಾದರೂ ಕೈಗೊಳ್ಳಬಹುದು. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಸಮೀಪದ ಕಲಬುರಗಿ ಜಿಲ್ಲೆಯಲ್ಲಿಯೇ ಸುಣ್ಣದ ಕಲ್ಲಿನ ನಿಕ್ಷೇಪಗಳೂ, ಜಿಪ್ಸಮ್ಮನ್ನು ಬಳಸುವ ಸಿಮೆಂಟ್ ಕಾರ್ಖಾನೆಗಳೂ ಇರುವಾಗ, ಉಪಾಯವಿಲ್ಲವೆಂಬ ಮಾತು ಸಲ್ಲದು. ವಿದ್ಯುತ್ತಿನ ಬೆಲೆಯನ್ನು ಬಡವರ ಉಸಿರಿನಿಂದ ತೆರುವುದು ನ್ಯಾಯವಲ್ಲ. ಸರ್ಕಾರವು ಈ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬೇಕು.