ರಟ್ಟೆಗೆ ಬಲ ಬರುವ ಬಗೆ

ಸೇನಾ ಭರ್ತಿ ರ್‍ಯಾಲಿ ನಡೆಯುವ ಮೈದಾನದಲ್ಲಿ ಬೆಳಗಿನ ಹೊತ್ತು ಮತ್ತೆ ಮತ್ತೆ ಕಾಣಸಿಗುವ ನೋಟ ಇದು. 1.6 ಕಿಲೋಮೀಟರ್ ಓಟವನ್ನು ಮುಂದಿನ ಗುಂಪಿನಲ್ಲೇ ಮುಗಿಸಿದ ಹುಡುಗ ಉಸಿರು ಸುಧಾರಿಸಿಕೊಂಡು ಕಬ್ಬಿಣದ ಅಡ್ಡಕಂಬಿಯ ಕೆಳಗೆ ನಿಲ್ಲುತ್ತಾನೆ. ಎಗರಿ ಹಿಡಿಯುತ್ತಾನೆ. ಮೊದಲ ಸಲ ಗದ್ದ ಕಂಬಿಯ ಮೇಲೆ ಬರುತ್ತದೆ. ಎರಡನೆಯ ಸಲ ಅರ್ಧಕ್ಕೇ ನಿಲ್ಲುತ್ತದೆ. ಮೂರನೆಯ ಸಲ ಕಾಲುಗಳು ಗಾಳಿಯಲ್ಲಿ ಒದ್ದಾಡುತ್ತವೆ, ಮೈ ಮಾತ್ರ ಮೇಲೇಳುವುದಿಲ್ಲ.

ಭೂಸೇನೆಯ ಅಗ್ನಿವೀರ ಭರ್ತಿಯ ದೈಹಿಕ ಪರೀಕ್ಷೆಯಲ್ಲಿ ಓಟದ ಮೊದಲ ಗುಂಪಿಗೆ 60 ಅಂಕ, ಬೀಮ್ ಎಂದು ಹುಡುಗರು ಕರೆಯುವ ಈ ಅಡ್ಡಕಂಬಿಗೆ 40 ಅಂಕ. ಹತ್ತು ಸಲ ಮೈ ಎತ್ತಿದರೆ ಪೂರ್ತಿ 40. ಆರು ಸಲವಾದರೆ ಬರೀ 16. (ವಿವರಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು.) ಊರ ಹೊರಗಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಕತ್ತಲಲ್ಲೆದ್ದು ಓಡಿದವನು ಎಡವುವುದು ಇಲ್ಲಿ. ಓಟದ ಅಭ್ಯಾಸಕ್ಕೆ ರಸ್ತೆ ಇದ್ದರೆ ಸಾಕು, ಜೊತೆಗೆ ಗೆಳೆಯರೂ ಸಿಗುತ್ತಾರೆ. ಕಂಬಿಯ ಅಭ್ಯಾಸ ‘ಆಮೇಲೆ ನೋಡೋಣ’ ಎಂದು ಉಳಿದುಬಿಡುತ್ತದೆ.

ಇದು ಸೇನೆಗೆ ಹೋಗುವವರ ತೊಂದರೆ ಮಾತ್ರವಲ್ಲ. ಸೊಂಟದ ಕೆಳಗಿನ ಸ್ನಾಯುಗಳಿಗೆ ನಡೆಯುವುದು, ಮೆಟ್ಟಿಲು ಹತ್ತುವುದು, ಸೈಕಲ್ ತುಳಿಯುವುದು ಎಂದು ದಿನವೂ ಏನಾದರೂ ಕೆಲಸ ಇದ್ದೇ ಇರುತ್ತದೆ. ಹೆಗಲು, ಎದೆ, ಬೆನ್ನು, ರಟ್ಟೆಗಳಿಗೆ ಇಂದಿನ ವಿದ್ಯಾರ್ಥಿಯ ದಿನಚರಿಯಲ್ಲಿ ಪೆನ್ನು ಹಿಡಿಯುವುದು, ಮೊಬೈಲು ಹಿಡಿಯುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಹಿಂದೆ ಮನೆಯ ಮಕ್ಕಳು ಬಾವಿಯಿಂದ ಹತ್ತಾರು ಕೊಡ ನೀರು ಸೇದುತ್ತಿದ್ದರು. ಹಗ್ಗ ಎಳೆಯುವಾಗ ದುಡಿಯುತ್ತಿದ್ದ ಬೆನ್ನು, ರಟ್ಟೆ, ಮುಂಗೈಗಳೇ ಅಡ್ಡಕಂಬಿಗೆ ಬೇಕಾದವು. ಈಗ ಆ ಕೆಲಸವನ್ನು ಮೋಟಾರಿನ ಗುಂಡಿ ಮಾಡುತ್ತದೆ. ಮೋಟಾರು ಬಂದದ್ದು ಒಳ್ಳೆಯದೇ. ಅಮ್ಮನ ನಡುವಿಗೆ ಅದರಿಂದ ಬಿಡುವು ಸಿಕ್ಕಿತು. ಮಕ್ಕಳ ರಟ್ಟೆಗೆ ಬೇರೆ ಕೆಲಸವನ್ನು ಮಾತ್ರ ಯಾರೂ ಹುಡುಕಲಿಲ್ಲ.

ಹೊಸಬರು ಮಾಡುವ ಮೊದಲ ತಪ್ಪು, ಮಾಡಲಾಗದ್ದರಿಂದಲೇ ಆರಂಭಿಸುವುದು. ನೆಲದ ಮೇಲೆ ಅಂಗೈ ಊರಿ ದಂಡ ಹೊಡೆಯುವಾಗ ಕೈಗಳು ಹೊರುವುದು ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು. 54 ಕಿಲೋ ತೂಗುವ ಹುಡುಗನಿಗೆ ಅದು 36 ಕಿಲೋ! ಎಂದೂ ಭಾರ ಎತ್ತದವನ ಮುಂದೆ ಅಕ್ಕಿ ಮೂಟೆ ಇಟ್ಟು ‘ಇಪ್ಪತ್ತು ಸಲ ಎತ್ತು’ ಎಂದರೆ ಎತ್ತಿಯಾನೆ? ಸೊಂಟ ಜೋತುಬೀಳುತ್ತದೆ, ಮೊಣಕೈ ಅರ್ಧವೂ ಮಡಿಯುವುದಿಲ್ಲ, ಸುತ್ತ ನಿಂತವರು ನಗುತ್ತಾರೆ. ಮರುದಿನದಿಂದ ಆ ಹುಡುಗ ವ್ಯಾಯಾಮದ ಪಿರಿಯಡ್ಡಿಗೆ ಹೊಟ್ಟೆನೋವಿನ ನೆಪ ಹೇಳತೊಡಗುತ್ತಾನೆ. ಅಂಥವನಿಗೆ ‘ನೀನು ಪುಕ್ಕಲ’ ಎನ್ನುವ ಬದಲು ‘ಗೋಡೆಯಿಂದ ಶುರು ಮಾಡು’ ಎನ್ನುವವರು ಬೇಕು.

ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು, ಎದೆಯ ಮಟ್ಟದಲ್ಲಿ ಅಂಗೈ ಊರಿ, ಹಿಮ್ಮಡಿಯಿಂದ ತಲೆಯವರೆಗೆ ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಮೊಣಕೈ ಮಡಿಸುತ್ತ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು ಮೊದಲ ಪಾಠ. ಮೊಣಕೈಗಳು ರೆಕ್ಕೆಯಂತೆ ಅಗಲಕ್ಕೆ ಚಾಚಿಕೊಳ್ಳದೆ ಪಕ್ಕೆಯ ಕಡೆಗೆ ವಾಲಿರಬೇಕು. ಇಲ್ಲವಾದರೆ ಹೆಗಲ ಕೀಲಿಗೆ ಕಷ್ಟ. ಇಳಿಯುವಾಗ ಉಸಿರು ಒಳಕ್ಕೆ, ತಳ್ಳುವಾಗ ಹೊರಕ್ಕೆ. ಒಂದು ಸುತ್ತಿಗೆ ಹತ್ತು ಹನ್ನೆರಡರಂತೆ ಮೂರು ಸುತ್ತು, ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ಇದು ಹಗುರವೆನಿಸಿದಾಗ ಗೋಡೆ ಬಿಟ್ಟು ಅಡುಗೆಮನೆಯ ಕಟ್ಟೆ, ಅಲ್ಲಿಂದ ಜಾರದ ಬೆಂಚು, ಅಲ್ಲಿಂದ ಜಗಲಿಯ ಮೆಟ್ಟಿಲು, ಕೊನೆಗೆ ನೆಲ. ಕೈ ಊರುವ ಜಾಗ ಕೆಳಗಿಳಿದಷ್ಟೂ ಕೈಗೆ ಬೀಳುವ ಭಾರ ಹೆಚ್ಚುತ್ತದೆ. ತೂಕದ ಬಟ್ಟು ಕೊಳ್ಳಲು ಕಾಸು ಖರ್ಚು ಮಾಡದೆ ಭಾರ ಏರಿಸುವ ಉಪಾಯ ಇದು. ಮೊಣಕಾಲೂರಿ ದಂಡ ಹೊಡೆಯುವುದೂ ಒಂದು ದಾರಿಯೇ. ಆಗ ಕೈಗೆ ಬೀಳುವುದು ಮೈತೂಕದ ಅರ್ಧಕ್ಕಿಂತ ತುಸು ಹೆಚ್ಚು.

ಗರಡಿ ಮನೆಯ ಹಿರಿಯರಿಗೆ ಈ ಮೆಟ್ಟಿಲು ಮೆಟ್ಟಿಲಿನ ಲೆಕ್ಕ ಹೊಸದೇನಲ್ಲ. ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆದು ಹದ ಮಾಡುವುದೂ ಅಲ್ಲಿ ಸಾಮಿನ ಭಾಗವೇ. ಭಾರವಾದ ಗದೆ ಹೆಗಲಿಗೇರುವುದು ಆಮೇಲಿನ ಮಾತು.

ದಂಡ ಹೊಡೆದರೆ ತಳ್ಳುವ ಬಲ ಬರುತ್ತದೆ. ಎಳೆಯುವ ಬಲ ಬೇರೆಯದೇ. ಎದೆ, ಹೆಗಲಿನ ಮುಂಭಾಗ, ತೋಳಿನ ಹಿಂಭಾಗ ಒಂದು ಕಡೆಗಾದರೆ ಬೆನ್ನು, ತೋಳಿನ ಮುಂಭಾಗ, ಹಿಡಿತ ಇನ್ನೊಂದು ಕಡೆಗೆ. ಕನ್ನಡಿಯಲ್ಲಿ ಎದೆ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಬಹುಶಃ ಅದಕ್ಕೇ ಹುಡುಗರು ದಿನಕ್ಕೆ ನೂರು ದಂಡ ಹೊಡೆದು ಬೆನ್ನನ್ನು ಮರೆಯುತ್ತಾರೆ. ಕಂಬಿಗೆ ನೇತಾಡಿದ ದಿನ ಆ ನೂರು ದಂಡ ಹೆಚ್ಚು ನೆರವಿಗೆ ಬರುವುದಿಲ್ಲ.

ಎಳೆತಕ್ಕೂ ಮೆಟ್ಟಿಲುಗಳಿವೆ. ಮೊದಲು ಬರೀ ನೇತಾಡುವುದು. ಹತ್ತು ಸೆಕೆಂಡಿನಿಂದ ಆರಂಭಿಸಿ ಅರ್ಧ ನಿಮಿಷದವರೆಗೆ ಮುಟ್ಟಿದರೆ ಮುಂಗೈಯ ಹಿಡಿತ ಗಟ್ಟಿಯಾಗುತ್ತದೆ. ಎರಡನೆಯದು, ಸೊಂಟದ ಎತ್ತರದ ಕಂಬಿ ಹಿಡಿದು, ಹಿಮ್ಮಡಿ ನೆಲಕ್ಕೂರಿ, ಅಂಗಾತ ಓರೆಯಾಗಿ ಎದೆಯನ್ನು ಕಂಬಿಯತ್ತ ಎಳೆದುಕೊಳ್ಳುವುದು. ಮೂರನೆಯದು ಎಲ್ಲಕ್ಕಿಂತ ಫಲ ಕೊಡುವಂಥದು: ಸ್ಟೂಲಿನ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಿಟ್ಟುಕೊಂಡು, ಕಾಲು ತೆಗೆದು, ಐದರವರೆಗೆ ಎಣಿಸುತ್ತ ನಿಧಾನವಾಗಿ ಇಳಿಯುವುದು. ಮೇಲೇರಲಾಗದ ಸ್ನಾಯುವೂ ಇಳಿಯುವಾಗ ಭಾರ ತಾಳಬಲ್ಲದು. ಹಾಗೆ ತಾಳುತ್ತ ತಾಳುತ್ತಲೇ ಏರಲು ಕಲಿಯುತ್ತದೆ. ಒಂದು ಹೊತ್ತಿಗೆ ಇಂಥ ನಾಲ್ಕೈದು ಇಳಿತ ಧಾರಾಳವಾಯಿತು. ಅಂಗೈ ಮುಖದ ಕಡೆಗಿದ್ದರೆ ಏರುವುದು ಸುಲಭ. ಮೊದಲು ಹಾಗೆ ಕಲಿತು ಆಮೇಲೆ ಅಂಗೈ ಆಚೆಗೆ ತಿರುಗಿಸಿಕೊಳ್ಳಬಹುದು.

ಕಂಬಿ ಇಲ್ಲದ ಊರಲ್ಲಿ ಮರದ ಕೊಂಬೆ ಇದೆ. ಹುಣಸೆಯದೋ ಮಾವಿನದೋ ಹಸಿ ಕೊಂಬೆಯಾದರೆ ಸರಿ, ನುಗ್ಗೆಯ ಹತ್ತಿರ ಮಾತ್ರ ಹೋಗಬಾರದು. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಕಂಬಿಯನ್ನು ಮನೆಯ ದೊಡ್ಡವರು ಒಮ್ಮೆ ಜಗ್ಗಿ ನೋಡಿದ ಮೇಲೆಯೇ ಮಕ್ಕಳು ನೇತಾಡಲಿ.

ವಾರಕ್ಕೆ ಎಷ್ಟು ದಿನ? ಮೂರು ದಿನ ಸಾಕು, ಅದೂ ದಿನ ಬಿಟ್ಟು ದಿನ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ 5ರಿಂದ 17 ವರ್ಷದವರಿಗೆ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಚಟುವಟಿಕೆ ವಾರಕ್ಕೆ ಕನಿಷ್ಠ ಮೂರು ದಿನ ಇರಬೇಕೆಂದಿದೆ. ವ್ಯಾಯಾಮದ ಮರುದಿನ, ಅದರ ಮರುದಿನ ಮೈಕೈ ನೋಯುವುದು ಸಹಜ. ಆದರೆ ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಅದು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮೊದಲ ನಾಲ್ಕಾರು ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ಸ್ನಾಯು ದಪ್ಪಗಾಗಿ ಬಂದದ್ದಲ್ಲ. ಇರುವ ಸ್ನಾಯುವನ್ನು ಒಟ್ಟಾಗಿ ದುಡಿಸಲು ಮಿದುಳು ಮತ್ತು ನರಗಳು ಕಲಿಯುವುದರಿಂದ ಬಂದದ್ದು. ಟೇಪು ಹಿಡಿದು ತೋಳು ಅಳೆಯುವ ಹುಡುಗ ‘ಏನೂ ಆಗಲಿಲ್ಲ’ ಎಂದು ಕೈಬಿಡುವುದು ಇದೇ ಹೊತ್ತಿಗೆ. ಅವನು ಟೇಪು ಎತ್ತಿಟ್ಟು, ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು ಮತ್ತು ಎಣಿಕೆ ಬರೆದಿಟ್ಟರೆ ಬದಲಾವಣೆ ಕಾಣುತ್ತದೆ.

ಪಾಲಕರ ಅಂಜಿಕೆಗಳು ಬೇರೆ. ವ್ಯಾಯಾಮ ಮಾಡಿದರೆ ಮಗ ಕುಳ್ಳಗೇ ಉಳಿಯುತ್ತಾನೆ ಎಂಬುದು ಒಂದು. ಸರಿಯಾದ ಕ್ರಮದಲ್ಲಿ, ತಿಳಿದವರ ಕಣ್ಣೆದುರು ಮಾಡುವ ಬಲವರ್ಧನೆಯ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಿಲ್ಲ ಎಂದು ಮಕ್ಕಳ ವೈದ್ಯರೇ ಹೇಳುತ್ತಾರೆ. ಹುಡುಗಿಯರ ತೋಳು ಗಂಡಸರಂತಾಗುತ್ತದೆ ಎಂಬುದು ಇನ್ನೊಂದು. ಹಾಗೆ ದಪ್ಪವಾಗಲು ಬೇಕಾದ ಹಾರ್ಮೋನು ಹುಡುಗಿಯರಲ್ಲಿ ತೀರ ಕಡಿಮೆ. ಬಲ ಮಾತ್ರ ಅವರಿಗೂ ಚೆನ್ನಾಗಿಯೇ ಬರುತ್ತದೆ. ಮೈ ಬೆಳೆಸಿದರೆ ತಲೆ ಬೆಳೆಯದು ಎಂಬ ಮೂರನೆಯದಕ್ಕೆ ಉತ್ತರ ಬೆಂಗಳೂರಿನಲ್ಲೇ ಇತ್ತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಅಲ್ಲಿ ವ್ಯಾಯಾಮಶಾಲೆ ನಡೆಸಿದವರು.

ಡಬ್ಬಿಯ ಪ್ರೋಟೀನ್ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾತು ಕೇಳುವುದು ಲೇಸು. ಅಂಥ ಪುಡಿಗಳ ಗೊಡವೆ ಬೇಡವೆಂದೇ ಅದರ 2024ರ ಆಹಾರ ಮಾರ್ಗಸೂಚಿ ಹೇಳಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 7–8 ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ಶೇಂಗಾ, ಮೊಳಕೆ ಹುರಳಿಯ ಸಾರು, ರಾಗಿಮುದ್ದೆಯ ಜೊತೆಗೆ ಗಟ್ಟಿ ಬೇಳೆ ಬಿದ್ದರೆ ಆಯಿತು. ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುವವನಿಗೆ ಮಾತ್ರ ಇದ್ಯಾವುದೂ ಮೈಗೆ ಹತ್ತುವುದಿಲ್ಲ. ದಣಿದ ಸ್ನಾಯು ರಿಪೇರಿಯಾಗುವುದು ನಿದ್ದೆಯಲ್ಲಿ.

ಒಮ್ಮೆಯೂ ಏರಲಾಗದವನು ಮೊದಲ ಸಲ ಗದ್ದವನ್ನು ಕಂಬಿಗೆ ಮುಟ್ಟಿಸಲು ಎರಡು ತಿಂಗಳು ಹಿಡಿಯಬಹುದು, ನಾಲ್ಕೂ ಹಿಡಿಯಬಹುದು. ಅಲ್ಲಿಂದ ಹತ್ತಕ್ಕೆ ಮುಟ್ಟಲು ಇನ್ನಷ್ಟು. ಹೀಗಿರುವಾಗ ಅಧಿಸೂಚನೆ ಬಂದ ಮೇಲೆ ಕಂಬಿ ಹುಡುಕಿ ಹೊರಟರೆ ಹೊತ್ತು ಮೀರಿರುತ್ತದೆ. ಪಿಯುಸಿ ಮೊದಲ ವರ್ಷದಲ್ಲೇ ಓಟದ ಜೊತೆಗೆ ಇದೂ ಸೇರಿಕೊಂಡಿರಬೇಕು. ಬೀಮ್ ಸರದಿ ಬರುವುದು ಓಟವಾದ ಮೇಲೆ. ಆದ್ದರಿಂದ ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಓಡಿ ಬಂದ ಮೈಯಲ್ಲೇ ಕಂಬಿ ಹಿಡಿದು ನೋಡಬೇಕು. ಪರೀಕ್ಷೆಗೆ ಎರಡು ದಿನ ಮೊದಲು ಅಭ್ಯಾಸ ನಿಲ್ಲಿಸಿ ಕೈಗಳಿಗೆ ವಿಶ್ರಾಂತಿ ಕೊಡಬೇಕು. ಅಂದು ಬೆಳಗ್ಗೆ ಅಂಗೈಯ ಬೆವರು ಒರೆಸಿಕೊಳ್ಳಲು ಒಣಬಟ್ಟೆಯೊಂದು ಜೇಬಿನಲ್ಲಿರಲಿ; ಎಷ್ಟೋ ಹುಡುಗರ ಕೈ ಎಂಟನೆಯದಕ್ಕೆ ಜಾರುವುದು ಬೆವರಿಗೆ.